ಬಾಸ್ ಆಡದೇ ಇದ್ದ ಆಟ

ಬೆಳಿಗ್ಗೆಯಿಂದ ಸಿಟ್ಟು ಇಳೀತಿಲ್ಲ, ಅದಕ್ಕೇ ಬರೀತಿದೀನಿ. ನಿನ್ನೆ ಆಫೀಸಲ್ಲಿ ಇಂಪ್ರೊವ್ ವರ್ಕ್‌ಶಾಪ್ ಇತ್ತು. ಸ್ಕ್ರಿಪ್ಟ್ ಇಲ್ಲದ ನಾಟಕ, ಎದುರಿನವರು ಏನೇ ಅಂದ್ರೂ ಮೊದ್ಲು ಹೌದು ಅಂತ ಹಿಡ್ಕೊಂಡು ಅದನ್ನೇ ಬೆಳೆಸ್ಬೇಕು, ಹಾಗೆ ಆಡ್ತಾ ಆಡ್ತಾ ಟೀಮಲ್ಲಿ ಹೊಸ ಐಡಿಯಾ ಹುಟ್ಟುತ್ತೆ ಅಂತ ಲೆಕ್ಕ. ನಾನು ತಾಳಮದ್ದಳೆ, ಅಂದ್ರೆ ಕೂತಲ್ಲೇ ಮಾತಲ್ಲಿ ಆಡೋ ಯಕ್ಷಗಾನ, ಕೇಳ್ಕೊಂಡೇ ಬೆಳೆದವನು, ನಿಮಗೆಲ್ಲ ಗೊತ್ತಲ್ಲ, ಖುಷಿಯಿಂದಲೇ ಹೋದೆ.

ಆಟ ನಿಜವಾಗ್ಲೂ ಚೆನ್ನಾಗಿತ್ತು ಮಾರಾಯ್ರೆ. ಟೆಸ್ಟಿಂಗ್ ಟೀಮಲ್ಲಿ ಒಬ್ಬಳು ಹುಡುಗಿ, ಸೇರಿ ಆರು ತಿಂಗಳಾಯ್ತು, ಮೀಟಿಂಗಲ್ಲಿ ಬಾಯಿ ಬಿಟ್ಟಿದ್ದು ಕಡಿಮೆ. ಅವಳು ಬಸ್ ಕಂಡಕ್ಟರ್ ಆಗಿ ನಮ್ಮ ಸೀನಿಯರ್ ಆರ್ಕಿಟೆಕ್ಟಿಗೆ "ಚಿಲ್ಲರೆ ಕೊಡಿ ಸಾರ್" ಅಂದ್ಲು. ಅವ್ರು ಜೇಬಿಂದ ಇಲ್ಲದ ಮಾವಿನಹಣ್ಣು ತೆಗೆದು ಕೊಟ್ರು. ಇವಳು ಅದನ್ನ ಮೂಸಿ ನೋಡಿ "ಇದು ಐನೂರರ ಹಣ್ಣು, ಇಷ್ಟಕ್ಕೆ ನನ್ನತ್ರ ಚಿಲ್ಲರೆ ಇಲ್ಲ" ಅಂದ್ಲು! ರೂಮಿಗೆ ರೂಮೇ ನಕ್ಕಿತು. ಮ್ಯಾನೇಜರ್ ಮಾತ್ರ ಹಿಂದಿನ ಸಾಲಲ್ಲಿ ಲ್ಯಾಪ್‌ಟಾಪ್ ತೆರ್ಕೊಂಡು ಕೂತಿದ್ರು. ಕರೆದ್ರೆ "ನೀವು ಆಡಿ" ಅಂದ್ರು.

ಇವತ್ತು ಬೆಳಿಗ್ಗೆ ಮೀಟಿಂಗಲ್ಲಿ ಅದೇ ಹುಡುಗಿ, ಪೇಮೆಂಟ್ ಅರ್ಧಕ್ಕೆ ನಿಂತಾಗ ಕಸ್ಟಮರಿಗೆ ಏನು ಕಾಣ್ಬೇಕು ಅಂತ ಹೇಳೋಕೆ ಶುರು ಮಾಡಿದ್ಲು. ಎರಡನೇ ವಾಕ್ಯಕ್ಕೇ ಮ್ಯಾನೇಜರ್ "ಅದು ಸ್ಕೋಪಲ್ಲಿಲ್ಲ, ನೆಕ್ಸ್ಟ್" ಅಂದ್ರು. ಅವಳು ಪೆನ್ನಿನ ಕ್ಯಾಪ್ ಹಾಕಿದ್ಲು.

ಈ ಆಟಗಳು ಕಂಪನಿಗೆ ಅಂತ ಹುಟ್ಟಿದ್ದಲ್ಲ. ಷಿಕಾಗೋದ ವಯೋಲಾ ಸ್ಪೋಲಿನ್, ಹಲ್ ಹೌಸ್ ಅನ್ನೋ ಸಮಾಜಸೇವಾ ಕೇಂದ್ರದಲ್ಲಿ ನೇವಾ ಬಾಯ್ಡ್ ಅನ್ನೋ ಶಿಕ್ಷಕಿ ಹತ್ರ ಕಲಿತು, ಮುಂದೆ ವಲಸೆ ಬಂದವರ ಮಕ್ಕಳಿಗೆ ನಾಟಕ ಕಲಿಸೋಕೆ ಇಂಥಾ ಆಟ ಕಟ್ಟಿದೋರು. ಅವರ ಮಗ ಪಾಲ್ ಸಿಲ್ಸ್ ಇನ್ನಿಬ್ಬರ ಜೊತೆ 1959ರಲ್ಲಿ ಸೆಕೆಂಡ್ ಸಿಟಿ ಅನ್ನೋ ಇಂಪ್ರೊವ್ ನಾಟಕ ಸಂಸ್ಥೆ ಶುರು ಮಾಡಿದ್ರು, ಆ ಸಂಸ್ಥೆ ಆಮೇಲೆ ಕಂಪನಿಗಳಿಗೂ ಕಲಿಸೋಕೆ ಹೋಯ್ತು. ಶಭಾಷ್ ಅನ್ನಿಸ್ಕೊಳ್ಳೋ ಆಸೆ, ಬೈಸ್ಕೊಳ್ಳೋ ಭಯ, ಇವೆರಡೂ ಇದ್ರೆ ಮನುಷ್ಯ ಆಡೋಕಾಗಲ್ಲ ಅಂತ ಸ್ಪೋಲಿನ್ ಹೇಳ್ತಿದ್ರು. ಹಾಗಿರುವಾಗ ಇನ್‌ಕ್ರಿಮೆಂಟ್ ಕೊಡೋ ಮನುಷ್ಯನೇ ಆಟದ ಹೊರಗೆ ಕೂತು ನೋಡ್ತಿದ್ರೆ ಆ ಭಯ ಹೋಗೋದು ಹೇಗೆ?

ಎಲ್ಲದಕ್ಕೂ ಹೌದು ಅಂತಿದ್ರೆ ಪ್ರಾಡಕ್ಟ್ ಕೆಡುತ್ತೆ, ಬೇಡ ಅನ್ನೋರೂ ಬೇಕು ಅಂತ ಊಟದ ಹೊತ್ತಲ್ಲಿ ಒಬ್ರು ವಾದ ಮಾಡಿದ್ರು. ಸ್ವಾಮಿ, ಒಂದು ರಾತ್ರಿ ತಾಳಮದ್ದಳೆಗೆ ಬನ್ನಿ. ವೇಷ ಇಲ್ಲ, ಬಾಯಿಪಾಠ ಇಲ್ಲ, ಭಾಗವತರು ಪದ್ಯ ಹೇಳಿ ನಿಲ್ಲಿಸಿದ ಮೇಲೆ ಅರ್ಥಧಾರಿ, ಅಂದ್ರೆ ಪಾತ್ರದ ಮಾತಾಡೋರು, ಅಲ್ಲೇ ಮಾತು ಕಟ್ಟಬೇಕು. ವಾಲಿವಧೆಯಲ್ಲಿ ಬಾಣ ನಾಟಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ ರಾಮನನ್ನೇ ಕೇಳ್ತಾನೆ. ಆ ಪ್ರಶ್ನೆ ಇವತ್ತು ಯಾವ ದಾರಿ ಹಿಡಿಯುತ್ತೆ ಅಂತ ರಾಮನ ಅರ್ಥ ಹೇಳೋರಿಗೆ ಗೊತ್ತಿರಲ್ಲ. ಅವ್ರು ಒಪ್ಪೋದಿಲ್ಲ, ಖಂಡಿಸ್ತಾರೆ, ಆದ್ರೆ ಪೂರ್ತಿ ಕೇಳಿಸ್ಕೊಂಡು ವಾಲಿ ಬಿಟ್ಟ ಎಳೆಯನ್ನೇ ಹಿಡಿದು ಖಂಡಿಸ್ತಾರೆ. ಕೇಳಿಸ್ಕೊಳ್ದೆ ತಮ್ಮದೇ ಹೇಳ್ಕೊಂಡು ಹೋದ್ರೆ ಚಾಪೆ ಮೇಲೆ ಕೂತ ಅಜ್ಜನಿಗೂ ಗೊತ್ತಾಗುತ್ತೆ. ನಮ್ಮ ಮ್ಯಾನೇಜರ್ ಬೇಡ ಅಂದಿದ್ದಕ್ಕೆ ನನಗೆ ಸಿಟ್ಟಿಲ್ಲ, ಕೇಳದೇ ಬೇಡ ಅಂದ್ರಲ್ಲ, ಅದಕ್ಕೆ.

ಇನ್ನೊಂದು ಹೇಳ್ಬೇಕು. ಆಗ ನಾನೂ ಅಲ್ಲೇ ಇದ್ದೆ, ಒಂದು ಮಾತೂ ಆಡ್ಲಿಲ್ಲ. ಮಧ್ಯಾಹ್ನ ಅವಳ ಡೆಸ್ಕಿಗೆ ಹೋಗಿ ಬೆಳಿಗ್ಗೆ ಏನು ಹೇಳೋಕೆ ಹೊರಟಿದ್ದೆ ಅಂತ ಕೇಳಿದೆ. ನೋಟ್‌ಬುಕ್ ತೆಗೆದು ತೋರಿಸಿದ್ಲು. ನಾಲ್ಕು ಸ್ಕ್ರೀನ್, ಪೆನ್ಸಿಲಲ್ಲಿ ಬರೆದಿದ್ದು, ಮೂರನೇದನ್ನ ಅಳಿಸಿ ಅಳಿಸಿ ಕಾಗದ ತೆಳ್ಳಗಾಗಿತ್ತು.