ಆತ್ಮರಕ್ಷಣೆಯ ಪಟ್ಟುಗಳು ಬದಲಾಗುತ್ತಲೇ ಇರಬೇಕಾ?

ಪರ: ಹಾಲ್‌ನಲ್ಲಿ ಬಿಟ್ಟ ಕೈ ರಸ್ತೆಯಲ್ಲಿ ಬಿಡಲಿಲ್ಲ

ಜಯನಗರದ ಒಂದು ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಹೇಳಿಕೊಡುತ್ತೇನೆ. ಮೊದಲ ಪಾಠ ವರ್ಷಗಟ್ಟಲೆ ಒಂದೇ ಆಗಿತ್ತು: ಮಣಿಕಟ್ಟು ಬಿಡಿಸಿಕೊಳ್ಳುವುದು. ಹಿಡಿದವನ ಹೆಬ್ಬೆರಳೂ ಉಳಿದ ಬೆರಳುಗಳೂ ಸೇರುವ ಕಡೆ ಹಿಡಿತ ಸಡಿಲ ಇರುತ್ತದೆ. ಕೈಯನ್ನು ಆ ಸಂದಿಗೆ ತಿರುಗಿಸಿ ಜಾಡಿಸಿದರೆ ಬಿಟ್ಟುಹೋಗುತ್ತದೆ. ಹಾಲ್‌ನಲ್ಲಿ ಎಲ್ಲರಿಗೂ ಬರುತ್ತಿತ್ತು.

ಒಂದು ಭಾನುವಾರ ಒಬ್ಬಳು ಹುಡುಗಿ ಬಂದು "ಅದು ಆಗಲೇ ಇಲ್ಲ" ಅಂದಳು. ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು ನಡೆಯುವಾಗ ಯಾರೋ ಕೈ ಹಿಡಿದಿದ್ದ. ಹಿಡಿದವನು ನಮ್ಮ ಕ್ಲಾಸಿನ ಜೋಡಿಯ ಹಾಗೆ ಸುಮ್ನೆ ನಿಲ್ಲಲಿಲ್ಲ, ಎಳೆದುಕೊಂಡೇ ಹೊರಟ. ಇವಳ ತೋಳು ಹಗ್ಗದ ಹಾಗೆ ಬಿಗಿಯಾಗಿತ್ತು, ಚಪ್ಪಲಿ ಜಾರುತ್ತಿತ್ತು. ತಿರುಗಿಸಲು ಬಲವೇ ಸಿಗಲಿಲ್ಲ. ಜೋರಾಗಿ ಕಿರುಚಿದಳು, ಜನ ತಿರುಗಿ ನೋಡಿದರು, ಅವನು ಬಿಟ್ಟು ಓಡಿದ. ಅವಳನ್ನು ಉಳಿಸಿದ್ದು ಅವಳ ದನಿ, ನಾನು ಕಲಿಸಿದ ಪಟ್ಟಲ್ಲ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮುಂದಿನ ವಾರ ಜೋಡಿಗಳಿಗೆ ನಿಜವಾಗಿ ಎಳೆಯಲು ಹೇಳಿದೆ. ಇಪ್ಪತ್ತು ಜನರಲ್ಲಿ ಮೂವರು ಮಾತ್ರ ಬಿಡಿಸಿಕೊಂಡರು. ಈಗ ನಾವು ಕಲಿಸುವ ಕ್ರಮವೇ ಬೇರೆ. ಎಳೆದ ಕಡೆಗೇ ಒಂದು ಹೆಜ್ಜೆ ಹಾಕಬೇಕು. ಆಗ ತೋಳು ಸಡಿಲವಾಗುತ್ತದೆ. ಮೊಣಕೈಯನ್ನು ಅವನ ಮೊಣಕೈ ಕಡೆಗೆ ಒತ್ತಬೇಕು, ಆಮೇಲೆ ತಿರುಗಿಸಬೇಕು. ಬಾಯಿ ಮೊದಲ ಕ್ಷಣದಿಂದಲೇ ಕೂಗುತ್ತಿರಬೇಕು. ಬರಿಗಾಲಲ್ಲಿ ಅಲ್ಲ, ದಿನವೂ ಹಾಕುವ ಚಪ್ಪಲಿಯಲ್ಲೇ ಅಭ್ಯಾಸ. ಒಂದು ಹೆಗಲಿಗೆ ಬ್ಯಾಗು, ಕೈಯಲ್ಲಿ ಫೋನು. ತುಂಬಿದ ಬಿಎಂಟಿಸಿ ಬಸ್ಸಿನಲ್ಲಿ ಕಾಲೆತ್ತಿ ಒದೆಯಲು ಜಾಗ ಎಲ್ಲಿದೆ ಹೇಳಿ?

ಕಲಿಸುವುದನ್ನು ಹೀಗೆ ತಿದ್ದುವುದು ಹೊಸ ಮಾತೇನಲ್ಲ. 1882ರಲ್ಲಿ ಜೂಡೊ ಶುರು ಮಾಡಿದ ಜಿಗೊರೊ ಕಾನೊ ಜಪಾನಿನ ಹಳೆಯ ಕಾಳಗದ ಕಲೆಯಾದ ಜುಜುತ್ಸುವಿನಲ್ಲಿ ಅಪಾಯದ್ದನ್ನು ಪಕ್ಕಕ್ಕಿಟ್ಟರು, ಪೂರ್ತಿ ಬಲ ಹಾಕಿ ಅಭ್ಯಾಸ ಮಾಡಬಹುದಾದದ್ದನ್ನು ಉಳಿಸಿಕೊಂಡರು. ಅವರ ಕೊಡೊಕಾನ್ ಶಾಲೆ 1895ರಲ್ಲಿ ಮಾಡಿದ ಎಸೆತಗಳ ಪಟ್ಟಿಯನ್ನು 1920ರಲ್ಲಿ ತಾನೇ ತಿದ್ದಿತು. ಎಂಟನ್ನು ಬಿಟ್ಟಿತು, ಆರನ್ನು ಸೇರಿಸಿತು.

ಕಾನೂನೂ ಬದಲಾಗಿದೆ. ಸ್ವರಕ್ಷಣೆಯ ಹಕ್ಕು ಐಪಿಸಿಯ 96ರಿಂದ 106ನೇ ಸೆಕ್ಷನ್‌ಗಳಲ್ಲಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44. ಅಗತ್ಯಕ್ಕಿಂತ ಜಾಸ್ತಿ ಪೆಟ್ಟು ಕೊಡಬಾರದು ಅನ್ನುವುದು ಮಾತ್ರ ಹಾಗೇ ಇದೆ. ಕಲಿಸುವವರಿಗೆ ಇದೆಲ್ಲ ಗೊತ್ತಿರಬೇಕಲ್ವಾ?

ಒಬ್ಬಳು ವಾಪಸ್ ಬಂದು "ಆಗಲಿಲ್ಲ" ಅಂದಮೇಲೂ ಅದನ್ನೇ ಕಲಿಸುತ್ತಾ ಹೋದರೆ, ಮುಂದಿನವಳಿಗೆ ನಾನು ಗೊತ್ತಿದ್ದೂ ಸುಳ್ಳು ಧೈರ್ಯ ಕೊಟ್ಟ ಹಾಗೆ. ನನ್ನ ಕೈಲಿ ಅದು ಆಗುವುದಿಲ್ಲ.

ವಿರೋಧ: ಮೈಗೆ ಹತ್ತಲು ಬಿಡಿ

ನಾನು ಕಲಿಯಲು ಹೋದವಳು. ಪೀಣ್ಯದಲ್ಲಿ ಕೆಲಸ, ವಾರಕ್ಕೊಂದೇ ರಜೆ. ಆ ರಜೆಯ ಎರಡು ಗಂಟೆ ಕ್ಲಾಸಿಗೆ. ಆರು ತಿಂಗಳಲ್ಲಿ, ಹಿಂದಿನಿಂದ ಕತ್ತಿಗೆ ತೋಳು ಹಾಕಿದರೆ ಏನು ಮಾಡಬೇಕು ಅನ್ನುವುದನ್ನು ಮೂರು ಥರ ಕಲಿಸಿದರು. ಮೊದಲು, ಗಲ್ಲ ತಗ್ಗಿಸಿ ಅವನ ಮೊಣಕೈ ಸಂದಿಯ ಕಡೆ ತಿರುಗು ಅಂದರು. ಎರಡು ತಿಂಗಳಾದ ಮೇಲೆ, ಅದು ಹಳೆಯದು, ಎರಡೂ ಕೈಯಲ್ಲಿ ತೋಳು ಕೆಳಕ್ಕೆ ಎಳಿ ಅಂದರು. ಆಮೇಲೆ ಮಾಸ್ಟರ್ ಎಲ್ಲೋ ಒಂದು ಶಿಬಿರಕ್ಕೆ ಹೋಗಿ ಬಂದು ಮೂರನೆಯದನ್ನು ತಂದರು.

ಒಂದು ಸಂಜೆ ಒಗ್ಗರಣೆ ಹಾಕುತ್ತಿದ್ದೆ. ತಮ್ಮ ತಮಾಷೆಗೆ ಹಿಂದಿನಿಂದ ಕತ್ತು ಹಿಡಿದ. ನಾನು ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಗಲ್ಲವಾ, ಕೈಯಾ, ಕಾಲಾ? ಸಾಸಿವೆ ಸೀದುಹೋಯಿತು. ಅವನು ನಕ್ಕು ಬಿಟ್ಟ. ನನಗೆ ಕೈಕಾಲು ತಣ್ಣಗಾಗಿತ್ತು. ಅವನು ಬೇರೆ ಯಾರೋ ಆಗಿದ್ದರೆ?

ಆಯ್ಕೆ ಹೆಚ್ಚಿದಷ್ಟೂ ಕೈ ಓಡಲು ತಡವಾಗುತ್ತದೆ ಎಂದು ಬ್ರಿಟನ್ನಿನ ಮನೋವಿಜ್ಞಾನಿ ಹಿಕ್ 1952ರಲ್ಲೇ ತೋರಿಸಿದ್ದಾರೆ. ಕಬ್ಬನ್‌ಪೇಟೆಯ ಗರಡಿಯಲ್ಲಿ ಸಾಮು ಮಾಡಿದ ನಮ್ಮಜ್ಜನಿಗೆ ಆ ಹೆಸರು ಗೊತ್ತಿರಲಿಲ್ಲ. ಆದರೆ ಉಸ್ತಾದರು ಒಂದು ಪಟ್ಟನ್ನು ಕೆಮ್ಮಣ್ಣಿನ ಮಟ್ಟಿಯಲ್ಲಿ ತಿಂಗಳುಗಟ್ಟಲೆ ಮಾಡಿಸುತ್ತಿದ್ದರಂತೆ. ಇನ್ನೊಂದು ಕೇಳಿದರೆ ಮತ್ತೆ ನೂರು ಬಸ್ಕಿ.

ಮೇಲೆ ಬರೆದವರು ಜೂಡೊ ಮಾತು ಎತ್ತಿದ್ದಾರೆ. 1920ರಲ್ಲಿ ತಿದ್ದಿದ ಆ 40 ಎಸೆತಗಳನ್ನೇ ಇವತ್ತಿಗೂ ಕಲಿಸುತ್ತಾರೆ. ಅವತ್ತು ಬಿಟ್ಟ ಎಂಟಕ್ಕೂ 1982ರಲ್ಲಿ ಕೊಡೊಕಾನ್ ಮತ್ತೆ ಮನ್ನಣೆ ಕೊಟ್ಟಿತು. ಹಳೆಯದು ಎಂದು ತೆಗೆದದ್ದೆಲ್ಲ ಕೆಲಸಕ್ಕೆ ಬಾರದ್ದೇನಲ್ಲ.

ಇನ್ನೊಂದು ಮಾತು. ಪಾಠ ಉಪಯೋಗಕ್ಕೆ ಬಂತೋ ಇಲ್ಲವೋ ತಿಳಿಯಬೇಕಾದರೂ ಅದು ಸ್ವಲ್ಪ ಕಾಲ ಒಂದೇ ಥರ ಇರಬೇಕು. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಸುಮಾರು 900 ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂರು ಮೂರು ಗಂಟೆಯ ನಾಲ್ಕು ಪಾಠ, ಇನ್ನೊಂದಕ್ಕೆ ಬರೀ ಕರಪತ್ರ. 2015ರಲ್ಲಿ ಫಲಿತಾಂಶ ಬಂತು. ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರು ಪಾಠ ಕೇಳಿದವರಲ್ಲಿ ಶೇ 5.2, ಕರಪತ್ರದವರಲ್ಲಿ ಶೇ 9.8. ಅಪಾಯವನ್ನು ಬೇಗ ಗುರುತಿಸುವುದು, ಗುರುತಿನವನೇ ಆದರೂ ಹಿಂಜರಿಯದೆ ಎದುರಿಸುವುದು, ಜೊತೆಗೆ ಕೆಲವು ಪಟ್ಟು. ಅಷ್ಟೇ ಅಲ್ಲಿದ್ದದ್ದು. ಎಲ್ಲರಿಗೂ ಅದೇ 12 ಗಂಟೆ ಕೊಟ್ಟಿದ್ದಕ್ಕೆ ತಾನೆ ಅಳೆಯಲು ಆಯಿತು?

ಮೆಜೆಸ್ಟಿಕ್‌ನ ಹುಡುಗಿಯ ವಿಷಯ ಓದಿ ನನಗೂ ಸಂಕಟವಾಯಿತು. ಆ ಪಟ್ಟು ತಿದ್ದಿದ್ದು ಸರಿಯೇ, ಸೋತದ್ದನ್ನು ತಿದ್ದಬೇಡಿ ಎನ್ನುವಷ್ಟು ಹಟ ನನಗಿಲ್ಲ. ಆದರೆ ಅವಳನ್ನು ಉಳಿಸಿದ್ದು ಕೂಗು ಎಂದು ಅವರೇ ಬರೆದಿದ್ದಾರೆ. ಕೂಗು ಎಲ್ಲಕ್ಕಿಂತ ಹಳೆಯ ಪಾಠ. ತಿದ್ದಿ, ಆದರೆ ವರ್ಷಕ್ಕೊಂದು ಸಲ. ನನ್ನಂಥ ವಾರಕ್ಕೆರಡು ಗಂಟೆಯವರಿಗೆ ಮೂರೇ ಮೂರು ಪಟ್ಟು ಕೊಡಿ, ಮೈಗೆ ಹತ್ತುವವರೆಗೆ ಅದನ್ನೇ ಮಾಡಿಸಿ.

ನಾನು ಆ ಕ್ಲಾಸ್ ಬಿಟ್ಟು ಒಂದು ವರ್ಷವಾಯಿತು. ರಾತ್ರಿ ಊಟವಾದ ಮೇಲೆ ಹಜಾರದಲ್ಲಿ ಮಗಳು ಹಿಂದಿನಿಂದ ಕತ್ತು ಹಿಡಿಯುತ್ತಾಳೆ. ಗಲ್ಲ ತಗ್ಗಿಸುತ್ತೇನೆ, ಮೊಣಕೈ ಸಂದಿಯ ಕಡೆ ತಿರುಗುತ್ತೇನೆ, "ಬಿಡೋ!" ಎಂದು ಕೂಗುತ್ತೇನೆ. ಆಮೇಲೆ ಅವಳ ಸರದಿ. ದಿನಕ್ಕೆ ಹತ್ತು ಸಲ. ಮೊದಮೊದಲು ಪಕ್ಕದ ಮನೆಯವರು ಗಾಬರಿಯಾಗಿ ಬಾಗಿಲು ಬಡಿದಿದ್ದರು. ಈಗ ಅವರ ಇಬ್ಬರು ಹೆಣ್ಣುಮಕ್ಕಳೂ ಬರುತ್ತಾರೆ.