ಸೊಪ್ಪು ಎಲೆಯಲ್ಲ

ಮೊನ್ನೆ ಬುಧವಾರ ರಾತ್ರಿ 9.17ಕ್ಕೆ ಮೊಬೈಲ್ ಟಿಂಗ್ ಅಂದಿತು. ಇಷ್ಟು ಸರಿಯಾಗಿ ಹೇಗೆ ನೆನಪಿದೆ ಅಂದರೆ, ಆಮೇಲೆ ಆ ಮೆಸೇಜನ್ನು ಎಷ್ಟು ಸಲ ತೆಗೆದು ಗುರಾಯಿಸಿದ್ದೇನೋ ನನಗೇ ಲೆಕ್ಕವಿಲ್ಲ. ಪಾತ್ರೆ ತೊಳೆದು, ಸ್ಟವ್ ಒರೆಸಿ, ದೋಸೆ ಹಿಟ್ಟಿಗೆ ಉಪ್ಪು ಹಾಕಿ ಮುಚ್ಚಿ, ಐದು ನಿಮಿಷ ಕಾಲು ಚಾಚೋಣ ಅಂತ ಈಗಷ್ಟೇ ಕೂತಿದ್ದೆ. ಎರಡನೇ ಕ್ಲಾಸಿನ ಪೇರೆಂಟ್ಸ್ ಗ್ರೂಪು. 'ಡಿಯರ್ ಪೇರೆಂಟ್ಸ್, ಟುಮಾರೋ ಇವಿಎಸ್ ಆಕ್ಟಿವಿಟಿ. ಕೈಂಡ್ಲಿ ಸೆಂಡ್ 5 ಡಿಫರೆಂಟ್ ಲೀವ್ಸ್.'

ಅದರ ಕೆಳಗೆ ಸಾಲಾಗಿ 'ಓಕೆ ಮ್ಯಾಮ್', 'ಶ್ಯೂರ್ ಮ್ಯಾಮ್', ಕೈ ಮುಗಿದ ಚಿತ್ರಗಳು. ನಡುವೆ ಒಬ್ಬ ಅಪ್ಪ, 'ಮ್ಯಾಮ್, ಹಸಿ ಎಲೆಯಾ ಒಣಗಿದ ಎಲೆಯಾ?' ಅಂತ ಕೇಳಿದ್ದರು. ಪ್ರತಿ ಗ್ರೂಪಿನಲ್ಲೂ ಇಂಥವರೊಬ್ಬರು ಇರುತ್ತಾರೆ, ಅಲ್ವಾ? ನಾನೂ 'ಓಕೆ ಮ್ಯಾಮ್' ಹಾಕಿದೆ. ಬೇರೆ ಏನು ಹಾಕಲಿ?

2019ರಲ್ಲಿ ನಮ್ಮ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿತ್ತು. ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಗೆ ಹೋಮ್‌ವರ್ಕ್ ಕೊಡಬಾರದು, ಅವರ ಬ್ಯಾಗು ಎರಡು ಕೆಜಿ ದಾಟಬಾರದು ಅಂತ. ಬ್ಯಾಗಿನ ವಿಷಯ ಬಿಡಿ, ಅದನ್ನು ಎತ್ತಿ ವ್ಯಾನಿಗೆ ಹಾಕುವಾಗ ನನ್ನ ಸೊಂಟಕ್ಕೆ ತೂಕ ಗೊತ್ತಾಗುತ್ತದೆ. ಆದರೆ ಹೋಮ್‌ವರ್ಕಿನ ಮಾತನ್ನು ಶಾಲೆಯವರು ಚಾಚೂ ತಪ್ಪದೆ ಪಾಲಿಸುತ್ತಾರೆ. ಮಕ್ಕಳಿಗೆ ಹೋಮ್‌ವರ್ಕ್ ಇಲ್ಲವೇ ಇಲ್ಲ. ಅಮ್ಮಂದಿರಿಗೆ ಕೊಡಬಾರದು ಅಂತ ಸುತ್ತೋಲೆಯಲ್ಲಿ ಬರೆದಿಲ್ಲ ನೋಡಿ. ಜೂನ್‌ನಿಂದ ಇಲ್ಲಿಯವರೆಗೆ ನಾನು ಚಾರ್ಟ್ ಪೇಪರಿನಲ್ಲಿ ಟ್ರಾಫಿಕ್ ಸಿಗ್ನಲ್ ಮಾಡಿದ್ದೇನೆ, ಹತ್ತಿಯಲ್ಲಿ ಹೆಸರುಕಾಳು ಮೊಳಕೆ ಬರಿಸಿದ್ದೇನೆ, ಒಂದು ಇಡೀ ಭಾನುವಾರ ಖಾಕಿ ಬಟ್ಟೆ ಹುಡುಕಿ ಮಗಳನ್ನು ಪೋಸ್ಟ್‌ಮ್ಯಾನ್ ಮಾಡಿದ್ದೇನೆ. ಈ ಟರ್ಮಿನಲ್ಲಿ ಅವಳು ಪಾಸಾಗುತ್ತಾಳೋ ಇಲ್ಲವೋ, ನಾನಂತೂ ಆಗಬೇಕು.

ಎಲೆ ತಾನೇ, ಏನು ಮಹಾ ಅಂದುಕೊಂಡು ಫ್ರಿಜ್ ತೆಗೆದೆ. ಕೊತ್ತಂಬರಿ ಇತ್ತು, ಕರಿಬೇವಿತ್ತು, ಪುದೀನ ಇತ್ತು, ಮೆಂತ್ಯದ ಕಟ್ಟೊಂದು ಇತ್ತು. ಒಂದೊಂದನ್ನು ಕಿತ್ತು ತಟ್ಟೆಯಲ್ಲಿ ಜೋಡಿಸಿದೆ. ಮಲಗಲು ಹೊರಟಿದ್ದ ಮಗಳು ಬಂದು ಇಣುಕಿ ನೋಡಿದಳು.

"ಅಮ್ಮಾ, ಇದು ಎಲೆ ಅಲ್ಲ. ಸೊಪ್ಪು."

"ಸೊಪ್ಪೂ ಎಲೇನೇ ಪುಟ್ಟಿ."

"ಅಲ್ಲ. ನೀನೇ ಕೊತ್ತಂಬರಿ ಸೊಪ್ಪು ಅಂತೀಯ. ಕರಿಬೇವಿನ ಸೊಪ್ಪು ಅಂತೀಯ. ಮಿಸ್ ಲೀಫ್ ತರಬೇಕು ಅಂದಿದ್ದಾರೆ."

ಏಳು ವರ್ಷದ ಮಗುವಿನ ಜೊತೆ ವಾದಕ್ಕಿಳಿಯಬಾರದು. ಇಳಿದೆ. ತಾತನ ಸಂಚಿಯಿಂದ ವೀಳ್ಯದೆಲೆ ತಂದು, "ನೋಡು, ಇದರ ಹೆಸರಿನಲ್ಲೇ ಎಲೆ ಇದೆ" ಅಂದೆ. "ಅದು ತಾತಂದು" ಅಂದಳು. ಬಾಳೆ ಎಲೆ? "ಅದರಲ್ಲಿ ಊಟ ಮಾಡ್ತಾರೆ." ಕೊನೆಗೆ ಡಬ್ಬಿಯ ತಳದಿಂದ ಪಲಾವ್ ಎಲೆ ಹುಡುಕಿ ಮುಂದೆ ಹಿಡಿದೆ. ಮೂಸಿ ನೋಡಿ, "ಇದು ಮಸಾಲೆ" ಅಂದಳು. ಹೀಗೆ ನಮ್ಮ ಅಡುಗೆಮನೆಯಲ್ಲಿ ಎಲೆ ಅನ್ನುವ ವಸ್ತುವೇ ಇಲ್ಲ ಅಂತ ತೀರ್ಮಾನವಾಯಿತು.

ಮಾವ ಟಿವಿಯ ಸೌಂಡ್ ಕಮ್ಮಿ ಮಾಡಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರು ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿ ರಿಟೈರಾದವರು. ಈಗ ಮೊಮ್ಮಗಳ ಪರ ವಕೀಲರು. "ಮಗು ಹೇಳೋದರಲ್ಲಿ ನ್ಯಾಯ ಇದೆಯಮ್ಮ. ಬೇಯಿಸೋದು ಸೊಪ್ಪು, ಬಡಿಸಿಕೊಳ್ಳೋದು ಎಲೆ" ಅಂದರು. ಹಾಗಾದರೆ ನನ್ನ ತಲೆ ಯಾವುದು ಅಂತ ಕೇಳಬೇಕು ಅನಿಸಿತು, ಕೇಳಲಿಲ್ಲ. ಗಂಡ ಮಾತ್ರ ಸಮಾಧಾನಿ. "ಬೆಳಿಗ್ಗೆ ನೋಡೋಣ ಬಿಡು" ಅಂದರು. ಬೆಳಿಗ್ಗೆ ನೋಡುವವರು ಯಾರು ಅನ್ನುವುದು ಆ ವಾಕ್ಯದಲ್ಲಿ ಯಾವತ್ತೂ ಇರುವುದಿಲ್ಲ. ವ್ಯಾನು ಬರುವುದು 7.40ಕ್ಕೆ.

ಸರಿ, ನೈಟಿಯ ಮೇಲೊಂದು ವೇಲ್ ಹೊದ್ದು, ಮೊಬೈಲ್ ಟಾರ್ಚ್ ಹಾಕಿಕೊಂಡು ಬೀದಿಗೆ ಬಂದೆ. ನಮ್ಮದು ಮೈಸೂರಿನ ಹಳೇ ಬಡಾವಣೆ. ನಮ್ಮ ಮನೆ ಮುಂದೆ ಇರುವುದು ಒಂದು ತುಳಸಿ, ಒಂದು ಒಣಗಿದ ಗುಲಾಬಿ. ಎದುರು ಮನೆ ಆಂಟಿಯದು ತೋಟ. ದಾಸವಾಳ, ನಂದಿಬಟ್ಟಲು, ಸೀಬೆ, ಕ್ರೋಟನ್ ಎಲ್ಲ ಕಾಂಪೌಂಡಿನಿಂದ ಆಚೆ ಬಗ್ಗಿವೆ. ಈ ಆಂಟಿಗೆ ಒಂದು ದೊಡ್ಡ ದುಃಖವಿದೆ. ದಿನಾ ಬೆಳಗಿನ ಜಾವ ಯಾರೋ ಅವರ ದಾಸವಾಳ ಕಿತ್ತುಕೊಂಡು ಹೋಗುತ್ತಾರೆ. ವಾಕಿಂಗ್ ಹೋಗುವವರ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಸಾಕು, ಆಂಟಿಯ ಕಣ್ಣು ಕವರಿನ ಒಳಗೇ ಹೋಗುತ್ತದೆ. ಮೂರು ವರ್ಷದಿಂದ ಹುಡುಕುತ್ತಿದ್ದಾರೆ, ಕಳ್ಳರು ಸಿಕ್ಕಿಲ್ಲ.

ಬುಧವಾರ ರಾತ್ರಿ ಸಿಕ್ಕೆ.

ದಾಸವಾಳದ್ದೊಂದು, ಸೀಬೆಯದೊಂದು ಆಗಿತ್ತು. ನಂದಿಬಟ್ಟಲಿಗೆ ಕೈ ಹಾಕಿದ್ದೆ. ಅದನ್ನು ಚಿವುಟಿದರೆ ಹಾಲು ಸುರಿಯುತ್ತದೆ ಅನ್ನುವುದು ಮರೆತೇ ಹೋಗಿತ್ತು. ಬೆರಳೆಲ್ಲ ಅಂಟು ಮಾಡಿಕೊಂಡು, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿರುವಾಗ ಪೋರ್ಟಿಕೋ ಲೈಟ್ ಹತ್ತಿತು. "ಯಾರದು?" ಬಾಯಲ್ಲಿ ಮೊಬೈಲ್ ಇಟ್ಟುಕೊಂಡು 'ನಾನು ಆಂಟಿ' ಅಂದರೆ ಹೇಗೆ ಕೇಳುತ್ತದೋ ನೀವೇ ಒಂದು ಸಲ ಅಂದು ನೋಡಿ. ಅವರ ಮನೆ ನಾಯಿಗೆ ಅದು ಬೈಗುಳದ ಹಾಗೆ ಕೇಳಿಸಿರಬೇಕು.

ಹತ್ತಿರ ಬಂದು ನೋಡಿದರು. ನನ್ನ ಮುಖ ನೋಡಿದರು, ಕೈ ನೋಡಿದರು. "ಇಷ್ಟು ದಿನ ಹೂವು. ಈಗ ಎಲೆಯೂ ಶುರುವಾಯ್ತಾ?"

ಸ್ಕೂಲು, ಆಕ್ಟಿವಿಟಿ, ಮಿಸ್ಸು ಎಲ್ಲ ಹೇಳಿದೆ. ಮೊಬೈಲಿನಲ್ಲಿ ಮೆಸೇಜೂ ತೋರಿಸಿದೆ. ಕನ್ನಡಕ ತಂದು ಓದಿದರು. ಓದಿದ ಮೇಲೂ ನಂಬಿದ ಹಾಗೆ ಕಾಣಲಿಲ್ಲ. "ಕತ್ತಲಾದ ಮೇಲೆ ಗಿಡ ಮುಟ್ಟಬಾರದು ಕಣಮ್ಮ, ಮಲಗಿರ್ತವೆ. ನಿಮ್ಮ ಮಾವ ಮೇಷ್ಟ್ರು, ಅವರನ್ನ ಕೇಳು" ಅಂದರು. ಕ್ರೋಟನ್ ಎಲೆಯೊಂದನ್ನು ಅವರೇ ಮುರಿದು ಕೊಟ್ಟರು. ಎಬ್ಬಿಸಿ ಮುರಿದರೋ, ಮಲಗಿದ್ದಾಗಲೇ ಮುರಿದರೋ ಗೊತ್ತಾಗಲಿಲ್ಲ.

ಮನೆಗೆ ಬಂದು ಮಾವನನ್ನು ಕೇಳಿದರೆ ಅವರಿಗೆ ಖುಷಿಯೋ ಖುಷಿ. "ಹುಣಸೆ ಮರ ನೋಡಿಲ್ವಾ, ರಾತ್ರಿ ಎಲೆ ಮಡಚಿಕೊಳ್ಳುತ್ತೆ. ಮಳೆಮರ, ಮುಟ್ಟಿದರೆ ಮುನಿ ಎಲ್ಲ ಹಾಗೇನೇ" ಅಂತ ಪಾಠ ಶುರು ಮಾಡಿದರು. ಮಗಳು ನಿದ್ದೆ ಬಿಟ್ಟು ಬಾಯಿ ತೆರೆದು ಕೂತಳು. ಐದನೆಯ ಎಲೆ ಕೊನೆಗೆ ವೀಳ್ಯದೆಲೆಯೇ ಆಯಿತು. ತಾತ ತನ್ನ ಕೈಯಾರೆ ಕೊಟ್ಟರೆ ಅದು ಎಲೆಯಂತೆ. ಐದನ್ನೂ ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕುವಾಗ 10.20.

ಫ್ರಿಜ್ ಬಾಗಿಲಿಗೆ ಅಂಟಿಸಿರುವ ಪೋರ್ಷನ್ ಪಟ್ಟಿ ನೋಡಿದರೆ ಇನ್ನೂ ಎದೆ ಒಡೆಯುತ್ತದೆ. ದಸರಾ ರಜೆಗೆ ಮುಂಚೆ ಪರೀಕ್ಷೆ. ಲೆಕ್ಕದಲ್ಲಿ ಎರಡಂಕಿ ಕಳೆಯುವುದು. ಹೋದ ವಾರ ಮಾವ 52ರಲ್ಲಿ 27 ಕಳೆಯಲು ಹೇಳಿಕೊಡುತ್ತಿದ್ದರು. "ಎರಡರಲ್ಲಿ ಏಳು ಹೋಗಲ್ಲ. ಅದಕ್ಕೆ ಪಕ್ಕದ ಮನೆಯಿಂದ ಹತ್ತು ಸಾಲ ತಗೋ."

"ಸಾಲ ಅಲ್ಲ ತಾತ, ರೀಗ್ರೂಪಿಂಗ್."

"ಹೆಸರು ಏನಾದರೂ ಇರಲಿ, ತಗೋ."

ತಗೊಂಡಳು. 25 ಬಂತು. ಆಮೇಲೆ ಪೆನ್ಸಿಲ್ ಕಚ್ಚುತ್ತಾ, "ವಾಪಸ್ ಯಾವಾಗ ಕೊಡೋದು?" ಅಂದಳು. ಮೂವತ್ತೈದು ವರ್ಷ ಪಾಠ ಮಾಡಿದ ಮಾವ ನನ್ನ ಮುಖ ನೋಡಿದರು. ನಾನು ಗಂಡನ ಮುಖ ನೋಡಿದೆ. ಮನೆ ಸಾಲದ ಕಂತು ಕಟ್ಟುವ ಅವರು ಪೇಪರ್ ಅಡ್ಡ ಹಿಡಿದರು.

ಕನ್ನಡದಲ್ಲಿ ಮಾವನದು ಬೇರೆಯೇ ದಾರಿ. ಅವರು ಹೆಗ್ಗಡದೇವನಕೋಟೆ ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿದ್ದವರು. 1995ರಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರುವಾಗಿದ್ದು ಅಲ್ಲಿಯೇ. ಆಮೇಲೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹೋಯಿತು. ಬೆಂಚಿಲ್ಲ, ಮಕ್ಕಳು ನೆಲದ ಮೇಲೆ ದುಂಡಗೆ ಕೂರಬೇಕು. ಕಾರ್ಡು ಎತ್ತಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ, ತಮ್ಮ ತಮ್ಮ ವೇಗದಲ್ಲಿ ಕಲಿಯಬೇಕು. ಅಲ್ಲಿ ಅ ಆ ಇ ಈ ಅಂತ ಶುರುವಾಗುವುದಿಲ್ಲ. ರ ಗ ಸ ದ ಅ. ಐದು ಅಕ್ಷರ ಬಂದರೆ ಸಾಕು, ಮಗು ಅರಸ, ಅಗಸ, ಸರ, ದರ ಅಂತ ಓದಿಬಿಡುತ್ತದೆ. ಮಗಳ ಪುಸ್ತಕದಲ್ಲಿ ಮಾತ್ರ 49 ಅಕ್ಷರವೂ ಸಾಲಾಗಿ ನಿಂತಿವೆ. ಅವಳು 'ಙ'ದ ಹತ್ತಿರ ಬಂದು ನಿಂತುಬಿಟ್ಟಿದ್ದಾಳೆ. "ಇದರಿಂದ ಒಂದು ಪದ ಹೇಳು" ಅಂತ ಎರಡು ದಿನದಿಂದ ನನ್ನ ಹಿಂದೆ ಬಿದ್ದಿದ್ದಾಳೆ. ನನ್ನನ್ನು ಕೇಳಿದರೆ? ನಾನು ಚಿಕ್ಕವಳಿದ್ದಾಗ ಕೇಳಿ ಏಟು ತಿಂದ ಪ್ರಶ್ನೆ ಅದು.

ನಗು ಬರದ ಸಂಗತಿಯೂ ಒಂದಿದೆ. ಹೋದ ಭಾನುವಾರ ತಳ್ಳುಗಾಡಿಯವಳ ಹತ್ತಿರ ದುಡ್ಡು ಕೊಡಲು ಮಗಳನ್ನೇ ಕಳಿಸಿದೆ. "ಮೂವತ್ತೈದು ಕೊಡವ್ವ" ಅಂದಳು ಅವಳು. ಮಗಳು ನೋಟು ಹಿಡಿದು ನಿಂತೇ ಇದ್ದಳು. ತಿರುಗಿ ಮೆಲ್ಲಗೆ, "ಅಮ್ಮಾ, ಅಂದ್ರೆ ಎಷ್ಟು?" ಅಂದಳು. ನಾನು ತಟ್ಟನೆ "ಥರ್ಟಿ ಫೈವ್" ಅಂದುಬಿಟ್ಟೆ. ಮಾವ ಅವಳ ವಯಸ್ಸಿನಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಕಲಿತವರು. ನಾನು 'ಎರಡೊಂದ್ಲ ಎರಡು' ಅಂತ ಇಪ್ಪತ್ತರವರೆಗೆ ರಾಗವಾಗಿ ಹೇಳಿದವಳು. ಆದರೂ ಯಾರಾದರೂ ಫೋನ್ ನಂಬರಿನಲ್ಲಿ ಎಪ್ಪತ್ತೊಂಬತ್ತು ಅಂದರೆ ಸೆವೆಂಟಿ ನೈನಾ, ಸಿಕ್ಸ್ಟಿ ನೈನಾ ಅಂತ ನನಗೇ ಒಂದು ಕ್ಷಣ ಬೇಕು. ತಳ್ಳುಗಾಡಿಯವಳು ನಕ್ಕು, ಮಗಳ ಕೈಗೆ ಒಂದು ಕ್ಯಾರೆಟ್ ಕೊಟ್ಟಳು. ಆಮೇಲಿಂದ ದಿನಾ ರಾತ್ರಿ ಮಲಗುವ ಮುಂಚೆ ತಾತ, ಮೊಮ್ಮಗಳು ಮೂವತ್ತೊಂದರಿಂದ ಎಣಿಸುತ್ತಾರೆ. ಐವತ್ತು ಮುಟ್ಟುವುದರೊಳಗೆ ಇಬ್ಬರಲ್ಲಿ ಒಬ್ಬರಿಗೆ ನಿದ್ದೆ ಬಂದಿರುತ್ತದೆ. ಸಾಮಾನ್ಯವಾಗಿ ತಾತನಿಗೆ.

ಗುರುವಾರ ಸಂಜೆ ಮಗಳು ಬ್ಯಾಗ್ ಎಸೆದು, ಪುಸ್ತಕ ತೆಗೆದು ತೋರಿಸಿದಳು. ಪುಟದ ತುಂಬ ಗಮ್ಮು. ನಾಲ್ಕೇ ಎಲೆ ಅಂಟಿತ್ತು.

"ಇನ್ನೊಂದೆಲ್ಲಿ?"

"ಕ್ರೋಟನ್ನಾ? ನನ್ನ ಪಕ್ಕ ಕೂರ್ತಾಳಲ್ಲ, ಅವಳಿಗೆ ಕೊಟ್ಟೆ. ಅವಳದು ನಾಲ್ಕೇ ಇತ್ತು."

"ಅವಳು ಏನೇನು ತಂದಿದ್ಲು?"

"ಕೊತ್ತಂಬರಿ, ಕರಿಬೇವು, ಪುದೀನ, ಇನ್ನೊಂದು ಮೆಂತ್ಯ. ಮಿಸ್ ಅವಳಿಗೆ ವೆರಿ ಗುಡ್ ಕೊಟ್ರು. ನಂಗೆ ಬರೀ ಗುಡ್."

ನಾನು ಸಾರಿಗೆ ಕೊತ್ತಂಬರಿ ಹೆಚ್ಚುತ್ತಿದ್ದೆ. ಚಾಕು ಕೆಳಗಿಟ್ಟು ಕಿಟಕಿಯಿಂದ ಆಚೆ ನೋಡಿದೆ. ಎದುರು ಮನೆ ಗೇಟಿಗೆ ಹೊಸ ಬೀಗ ಬಿದ್ದಿತ್ತು.