ಬ್ರಾವೋ ಅಣ್ಣನಿಗೆ ಅಷ್ಟೇನು ಅವಸರ?

ಪಾಶ್ಚಾತ್ಯ ಸಂಗೀತಕಾರ ಮಾಹ್ಲರನ ನಾಲ್ಕನೇ ಸಿಂಫನಿ (ಇಡೀ ಆರ್ಕೆಸ್ಟ್ರಾ ಸೇರಿ ನುಡಿಸುವ ದೊಡ್ಡ ಕೃತಿ) ಜೋರಾಗಿ ಮುಗಿಯುವುದಿಲ್ಲ ಸ್ವಾಮಿ. ಸೊಪ್ರಾನೊ, ಅಂದರೆ ಎತ್ತರದ ದನಿಯ ಗಾಯಕಿ, ಹಾಡು ನಿಲ್ಲಿಸಿದ ಮೇಲೂ ಹಾರ್ಪ್, ಡಬಲ್ ಬಾಸ್ ಎಂಬ ತಂತಿವಾದ್ಯಗಳೆರಡೂ ತೀರಾ ತಗ್ಗಿನ ಸ್ವರದಲ್ಲಿ ಇನ್ನೊಂದಿಷ್ಟು ಹೊತ್ತು ನುಡಿದು, ಯಾವಾಗ ನಿಂತಿತು ಅಂತಲೇ ಗೊತ್ತಾಗದ ಹಾಗೆ ಕರಗುತ್ತವೆ. ಅದಕ್ಕೇ ತಾನೇ ದುಡ್ಡು ಕೊಟ್ಟು ಹೋಗುವುದು? ಮೊನ್ನೆ ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಭಾಗದ ಆರ್ಕೆಸ್ಟ್ರಾ ನುಡಿಸಿತು. ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಕೈ ಇನ್ನೂ ಗಾಳಿಯಲ್ಲೇ ಇದೆ, ಬಾಸ್ ತಂತಿ ಇನ್ನೂ ಅದುರುತ್ತಿದೆ, ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ‘ಬ್ರಾವೋ!’ (ನಮ್ಮ ಶಭಾಷ್ ಇದ್ದ ಹಾಗೆ) ಅಂತ ಕಿರುಚಿದ. ಮುಗೀತು ಕಥೆ. ಎಲ್ಲಿ ಮುಗಿಯುತ್ತದೆ ಅಂತ ನಿನಗೆ ಗೊತ್ತಪ್ಪಾ, ಅದನ್ನು ಊರಿಗೆಲ್ಲ ಸಾರಬೇಕಾ? (1901ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ಸಲ ನುಡಿಸಿದಾಗ ಜನ ಛೀಮಾರಿ ಹಾಕಿದ್ದರು. ಈಗ ಪ್ರೀತಿ ಜಾಸ್ತಿಯಾಗಿದೆ.)

ಇನ್ನೊಂದು. ಸುಮಾರು ಒಂದು ಗಂಟೆಯ ಈ ಸಿಂಫನಿಯಲ್ಲಿ ಸೊಪ್ರಾನೊ ಹಾಡುವುದು ಕೊನೆಯ, ಅಂದರೆ ನಾಲ್ಕನೇ ಭಾಗದಲ್ಲಿ ಮಾತ್ರ, ಹತ್ತು ನಿಮಿಷದಷ್ಟು. ಪೋಸ್ಟರ್ ತುಂಬಾ ಅತಿಥಿ ಗಾಯಕಿಯ ಫೋಟೋನೇ ಹಾಕಿದರೆ ಜನ ಶುರುವಿನಿಂದಲೇ ಕಾಯುತ್ತಾರೆ, ಅಲ್ವಾ? ಪಕ್ಕದ ದಂಪತಿಗಳದ್ದು ‘ಯಾವಾಗ ಹಾಡ್ತಾರೆ, ಯಾವಾಗ ಹಾಡ್ತಾರೆ’ ಅಂತ ಒಂದೇ ಪಿಸುಪಿಸು. ಮೂರನೇ ಭಾಗ ಅಷ್ಟು ಮೆಲ್ಲಗೆ ಮುಗಿದು ಹಾಗೇ ಹಾಡಿಗೆ ಜಾರಬೇಕು, ಆಗ ಗಾಯಕಿ ವೇದಿಕೆಗೆ ಬಂದದ್ದೇ ತಡ, ಮದುವೆಮನೆಗೆ ಬೀಗರು ಬಂದ ಹಾಗೆ ಗದ್ದಲ, ಚಪ್ಪಾಳೆ! ಮೂರನೇ ಭಾಗ ಮೆಲ್ಲಗಾಗುವ ಸ್ವಲ್ಪ ಮುಂಚೆ ಆರ್ಕೆಸ್ಟ್ರಾ ಒಮ್ಮೆ ಅಬ್ಬರಿಸುತ್ತದೆ, ಆ ಸದ್ದಿನಲ್ಲಿ ಆಕೆಯನ್ನು ಸುಮ್ನೆ ವೇದಿಕೆಗೆ ಕಳಿಸಿದ್ದರೆ ಯಾರು ತಟ್ಟುತ್ತಿದ್ದರು? ಎಷ್ಟೋ ಕಡೆ ಹಾಗೇ ಮಾಡುತ್ತಾರೆ. ಪಾಪ, ಆಕೆ ಹಾಡಿದ್ದು ಮಾತ್ರ ಸೊಗಸಾಗಿತ್ತು.